ದಪ್ಪ ತಡೆದು ಸಣ್ಣ ಬಿಡುವ ಜರಡಿ

ನಾಲ್ಕು ತಾಲ್ಲೂಕಿನಲ್ಲಿ ನನ್ನ ಕಿವಿಗೆ ಒಂದು ಹೆಸರಿತ್ತು. ಇತ್ತು ಅನ್ನುತ್ತೇನೆ, ಏಕೆಂದರೆ ಈಗ ಆ ಹೆಸರನ್ನು ನಾನೇ ಅಷ್ಟಾಗಿ ನಂಬುವುದಿಲ್ಲ. ಪಾಂಡವಪುರದಲ್ಲಿ ನನ್ನ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಶ್ರೀರಂಗಪಟ್ಟಣದ ಛತ್ರದಲ್ಲಿ ಮೈಕು ಕುಯ್ಯೋ ಅಂದರೆ, ಕೆ.ಆರ್. ಪೇಟೆಯ ಭವನದಲ್ಲಿ ಭಾಷಣ ಕಲಸುಮೇಲೋಗರವಾದರೆ, ನಾಗಮಂಗಲದಲ್ಲಿ ಯಾರದೋ ಮನೆಯ ಸೆಟ್ಟು ಗೊರಗೊರ ಅಂದರೆ ನನಗೆ ಫೋನು ಬರುತ್ತದೆ. ಹೋಗಿ ಒಂದು ನಿಮಿಷ ಕಣ್ಣು ಮುಚ್ಚಿ ನಿಂತು, ಇಂಥ ಕಡೆ ಇಂಥದು ಹೋಗಿದೆ ಅನ್ನುತ್ತೇನೆ. ಬಿಚ್ಚಿ ನೋಡಿದರೆ ಹೋಗಿರುತ್ತದೆ. ಇಂಥ ಕಿವಿ ಇಟ್ಟುಕೊಂಡವನ ಮನೆಯಲ್ಲೇ ಅವ್ವ ಅಪ್ಪನ ಜೊತೆ ಮಾತು ಬಿಟ್ಟು ಒಂದು ವರ್ಷದ ಮೇಲಾಗಿತ್ತು. ಅದರ ನಿಜವಾದ ಕಾರಣ ನನಗೆ ಗೊತ್ತಿರಲಿಲ್ಲ.

ಅವ್ವನ ಪ್ರಕಾರ ಕಾರಣ ಸ್ಪಷ್ಟವಾಗಿತ್ತು. ಅವಳ ತವರು ಹೇಮಗಿರಿಯ ಹತ್ತಿರ. ಅಲ್ಲಿದ್ದ ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ಹಾಸಿಗೆ ಹಿಡಿದ. ಮಾವನಿಗೂ ಅಪ್ಪನಿಗೂ ನನ್ನ ಮದುವೆಯ ದಿನದಿಂದ ಮುಖ ಕೊಟ್ಟು ಮಾತಿರಲಿಲ್ಲ. ಸೋದರಮಾವನಿಗೆ ಮೊದಲು ಕೊಡಬೇಕಾದ ತಾಂಬೂಲವನ್ನು ಅಪ್ಪ ಗಡಿಬಿಡಿಯಲ್ಲಿ ಇನ್ಯಾರದೋ ಕೈಗೆ ಕೊಟ್ಟುಬಿಟ್ಟಿದ್ದ. ತಾಂಬೂಲದ ಸಿಟ್ಟು ನಮ್ಮ ಕಡೆ ಸುಲಭಕ್ಕೆ ಇಳಿಯುವುದಿಲ್ಲ. ಹಾಗಾಗಿ ಅಣ್ಣನನ್ನು ನೋಡಲು ತಾನೊಬ್ಬಳೇ ಹೋದರೆ ಅವ್ವನಿಗೆ ಸಾಲದು. ಗಂಡನೂ ಬಂದು ಅಣ್ಣನ ಮಂಚದ ಪಕ್ಕ ಕೂತು ಒಂದು ಲೋಟ ನೀರಾದರೂ ಕುಡಿಯಬೇಕಿತ್ತು. ನಾನು ಕರೆದುಕೊಂಡು ಹೋಗುತ್ತೇನೆ ಅಂದರೂ ಒಪ್ಪಲಿಲ್ಲ. "ನಿಮ್ಮಪ್ಪ ಬರ್ಲಿ. ಅವ್ರುನ್ನ ಕೇಳಿವ್ನಿ" ಅಂದಳು. ಅಪ್ಪ ಹೊರಡಲಿಲ್ಲ. ಹತ್ತು ದಿನವೂ ಕಳೆಯಲಿಲ್ಲ, ಮಾವ ತೀರಿಕೊಂಡ. ಮಣ್ಣಿಗೆ ಎಲ್ಲರೂ ಹೋದೆವು, ಅಪ್ಪನೂ ಬಂದ. ಅವ್ವ ಅವನ ಕಡೆ ತಿರುಗಿ ಕೂಡ ನೋಡಲಿಲ್ಲ.

ಅಲ್ಲಿಂದಾಚೆಗೆ ಅವಳು ತಟ್ಟೆ ಇಟ್ಟು, ಮುದ್ದೆ ಹಾಕಿ, ಸಾರು ಬಿಟ್ಟು ಒಳಗೆ ಹೋಗುತ್ತಿದ್ದಳು. ಬೇಕೆ, ಸಾಕೆ ಎಂಬ ಮಾತಿಲ್ಲ. ನನ್ನ ಹತ್ತಿರ ಮಾತ್ರ ಬಾಯಿ ಬಿಡುತ್ತಿದ್ದಳು.

"ಎರಡ್ ಸಲ ಕೇಳ್ದೆ ಕಣಪ್ಪ. ಮೂರ್ನೇ ಸಲ ಕೇಳಾಕೆ ನಾನೇನ್ ಭಿಕ್ಷೆಯವ್ಳಾ? ನನ್ ಮಾತ್ನ ಅವ್ರು ಕೇಳಾಕಿಲ್ಲ. ಸೊಸೆ ಕರುದ್ರೆ ಮಾತ್ರ ಏನವ್ವ ಅಂತ ಎದ್ದು ಬತ್ತಾರೆ."

ಸೊಸೆಯ ಮಾತು ನಿಜವೇ ಆಗಿತ್ತು. ನನ್ನ ಹೆಂಡತಿ ಪ್ರೈಮರಿ ಸ್ಕೂಲಿನ ಟೀಚರು. ಹಿಂದಿನ ಬೆಂಚಿನವರೆಗೂ ಹೋಗಿ ಕಿವಿ ಹಿಂಡಿ ಬರುವ ದಪ್ಪ ಗಂಟಲು ಅವಳದು. ಅವ್ವನದು ಸಣ್ಣ ಗಂಟಲು. ಹತ್ತು ಹೆಂಗಸರು ಸೇರಿ ಸೋಬಾನೆ ಹೇಳಿದರೆ ಅವಳ ದನಿ ಎಲ್ಲರಿಗಿಂತ ಮೇಲೆ ಹೋಗುತ್ತದೆ. ಸೊಸೆ ಕರೆದರೆ ಅಪ್ಪ ಏಳುತ್ತಿದ್ದ, ಹೆಂಡತಿ ಕರೆದರೆ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. "ಕೋಣನ್ ಮುಂದೆ ಕಿನ್ನರಿ ಬಾರ್ಸುದಂಗೆ" ಎಂದು ಅವ್ವ ಅವನ ಬೆನ್ನ ಹಿಂದೆಯೇ ನಿಂತು ಗೊಣಗುತ್ತಿದ್ದಳು. ಅಪ್ಪ ಸುಮ್ಮನಿರುತ್ತಿದ್ದ. ಅವನ ಕಲ್ಲುಮನಸ್ಸಿನ ಬಗ್ಗೆ ನನಗೆ ಒಳಗೊಳಗೇ ಸಿಟ್ಟಿತ್ತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಸಾಯುವವನ ತಂಗಿಯ ಗಂಡನಾಗಿ ಅವನ ಮನೆಗೆ ಹೋಗದಷ್ಟು ಏನು ದ್ವೇಷ ಇವನಿಗೆ ಅಂದುಕೊಂಡಿದ್ದೆ.

ಹೀಗಿರುವಾಗ ಗಂಜಾಂನ ಗೌಡರೊಬ್ಬರು ಗೂಡ್ಸ್ ಆಟೋದಲ್ಲಿ ಒಂದು ಜೊತೆ ಸ್ಪೀಕರು ತಂದು ನನ್ನ ಬಾಗಿಲಿಗೆ ಇಳಿಸಿದರು. ಹಸು ಸಾಕಿ ಡೈರಿಗೆ ಹಾಲು ಹಾಕುವವರು. ಬೆಳಿಗ್ಗೆ ಹಾಲು ಕರೆದು ಮುಗಿದಮೇಲೆ ಹಳೇ ಹಾಡು ಕೇಳುವ ಚಟ. ಮೈಸೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಯಾರಿಂದಲೋ ಕೊಂಡಿದ್ದರಂತೆ. ಎದೆಯೆತ್ತರದ ಪೆಟ್ಟಿಗೆಗಳು, ಜೊತೆಗೆ ಅವರ ಆಂಪ್ಲಿಫಯರು, ಎರಡು ಸಣ್ಣ ಡಬ್ಬಿ.

"ಆಚಾರ್ರೆ, ಒಂದ್ ಕಡೆ ಗೂಳಿ ಗುಟುರು ಹಾಕ್ದಂಗೆ ಕೇಳ್ತದೆ. ಇನ್ನೊಂದ್ ಕಡೆ ಸರ್ಯಾಗೇ ಅದೆ. ಈ ಡಬ್ಬಿ ಏನೋ ಐ ಪಾಸಂತೆ. ನಾನ್ ಎಸ್ಸೆಲ್ಸಿನೇ ಪಾಸಾಗ್ಲಿಲ್ಲ, ಇದ್ಯಾವ್ ಪಾಸು ನೀವೇ ನೋಡಿ" ಅಂದರು.

ನನಗೆ ಆ ಸ್ಪೀಕರು ಕಂಡು ಖುಷಿಯಾಯಿತು. ನಮ್ಮ ಕಡೆಯವರಿಗೆ ಬೇಸ್ ಹುಚ್ಚು. ಎದೆ ಗುದ್ದಬೇಕು, ಕಿಟಕಿ ನಡುಗಬೇಕು, ಪಕ್ಕದ ಮನೆಯವನು ಬಂದು ಬೈಯಬೇಕು; ಆಗ ಸೆಟ್ಟು ಚೆನ್ನಾಗಿದೆ ಎಂದು ಅರ್ಥ. ಹಾಡಿನ ಮಾತು ಒಂದೂ ತಿಳಿಯದಿದ್ದರೂ ಪರವಾಗಿಲ್ಲ. ಈ ಪೆಟ್ಟಿಗೆ ಮಾಡಿದವನು ಹಾಗಲ್ಲ, ಬುದ್ಧಿವಂತ. ದಪ್ಪ ದನಿಯನ್ನು ನುಡಿಸುವ ಕೆಲಸಕ್ಕೆ ಪೆಟ್ಟಿಗೆಯ ಹೊಟ್ಟೆಯೊಳಗೇ ಬೇರೆ ಆಂಪ್ಲಿಫಯರು ಇಟ್ಟಿದ್ದಾನೆ. ಹೊರಗಿನ ಆಂಪಿಗೆ ಆ ಭಾರವನ್ನು ಹೊರಿಸುವುದಿಲ್ಲ. ಆಂಪಿನ ಮುಂಚೆ ಈ ಡಬ್ಬಿಯನ್ನು ಸಿಕ್ಕಿಸಿದರೆ ಅದು ದಪ್ಪ ದನಿಯನ್ನು ಹದವಾಗಿ ಇಳಿಸಿ, ಸಣ್ಣ ದನಿಯನ್ನು ಹಾಗೇ ಬಿಡುತ್ತದೆ. ಡಬ್ಬಿ ಎಷ್ಟು ಇಳಿಸಿತೋ ಅಷ್ಟನ್ನೇ ಹೊಟ್ಟೆಯ ಆಂಪು ಮತ್ತೆ ಎತ್ತಿ ಕೊಡುತ್ತದೆ. ಲೆಕ್ಕ ಕೂಡಿದರೆ ಹಾಡು ಹಾಡಿನ ಹಾಗೇ ಬರುತ್ತದೆ.

ಇದನ್ನು ಗೌಡರಿಗೆ ಹೇಳುವುದು ಕಷ್ಟವಾಗಲಿಲ್ಲ. "ಜರಡಿ ಗೌಡ್ರೆ. ದಪ್ಪ ಮೇಲೇ ನಿಲ್ತದೆ, ಸಣ್ಣದು ಕೆಳಕ್ ಬೀಳ್ತದೆ" ಅಂದೆ. ನಮ್ಮಲ್ಲಿ ಹಿಟ್ಟಿಗೂ ದನಿಗೂ ಒಂದೇ ಮಾತು, ದಪ್ಪ ಮತ್ತು ಸಣ್ಣ. ಇಂಗ್ಲಿಷಿನ ಪುಸ್ತಕ ಓದಿ ಹೈ ಪಾಸ್ ಫಿಲ್ಟರು ಅಂದರೇನು ಎಂದು ನಾನು ತಿಂಗಳುಗಟ್ಟಲೆ ತಲೆ ಕೆರೆದುಕೊಂಡಿದ್ದೆ. ರಾಗಿ ಹಿಟ್ಟು ಜರಡಿ ಹಿಡಿಯುವ ಯಾವ ಹೆಂಗಸನ್ನು ಕೇಳಿದ್ದರೂ ಒಂದು ಗಳಿಗೆಯಲ್ಲಿ ಹೇಳಿಬಿಡುತ್ತಿದ್ದಳು. ಗೌಡರು ಎರಡು ದಿನ ಬಿಟ್ಟು ಬರುತ್ತೇನೆಂದು ಹೋದರು.

ಈ ಜರಡಿಗೆ ಒಂದು ಕಿರಿಕಿರಿ ಇದೆ. ಒಂದೊಂದು ಆಂಪಿನ ಬಾಗಿಲು ಒಂದೊಂದು ಥರ. ಕೆಲವು ಬಂದದ್ದನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತವೆ, ಕೆಲವು ತಡೆದು ನಿಲ್ಲಿಸುತ್ತವೆ. ಆ ತಡೆ ಎಷ್ಟು ಎಂದು ತಿಳಿದು, ಅದಕ್ಕೆ ಸರಿಯಾಗಿ ಡಬ್ಬಿಯ ಹಿಂದಿರುವ ಪುಟ್ಟ ಸ್ವಿಚ್ಚುಗಳನ್ನು ಇಡಬೇಕು. ಇಲ್ಲದಿದ್ದರೆ ಜರಡಿಯ ಕಣ್ಣು ದೊಡ್ಡದೋ ಚಿಕ್ಕದೋ ಆಗಿ, ಹಾಡು ಉಬ್ಬುತ್ತದೆ ಅಥವಾ ಸೊರಗುತ್ತದೆ.

ಮಾರನೆಯ ದಿನ ಬೆಳಿಗ್ಗೆ ಹೆಂಡತಿ ಸ್ಕೂಲಿಗೆ ಹೋದಮೇಲೆ ಕೆಲಸಕ್ಕೆ ಕೂತೆ. ಅಪ್ಪ ಎಂದಿನಂತೆ ಬಂದು ಪಕ್ಕದ ಕುರ್ಚಿ ಎಳೆದುಕೊಂಡ. ಅಪ್ಪ ಕಮ್ಮಾರ. ದೇವಲಾಪುರದ ಕಡೆ ನಮ್ಮ ಕುಲುಮೆಯಿತ್ತು. ಸುತ್ತಿನ ಬೆದ್ದಲು ಹೊಲಗಳಿಗೆಲ್ಲ ನೇಗಿಲ ಕುಳ, ಕುಡುಗೋಲು, ಗುದ್ದಲಿ ಅವನ ಕೈಯಿಂದಲೇ ಹೋಗಬೇಕು. ಕುಡುಗೋಲಿಗೆ ಹದ ಹಾಕಿ ತೆಗೆದಮೇಲೆ ಅಡಿಗಲ್ಲಿಗೆ ಒಮ್ಮೆ ತಾಗಿಸಿ ಕಿವಿ ಕೊಡುತ್ತಿದ್ದ. ಟಿಣ್ ಅಂದರೆ ಸರಿ, ಇಲ್ಲದಿದ್ದರೆ ಮತ್ತೆ ಬೆಂಕಿಗೆ. ನನ್ನ ಕಿವಿ ಅವನಿಂದಲೇ ಬಂದದ್ದು ಎಂಬುದು ನನ್ನ ಜಂಬ. ಟ್ರಾಕ್ಟರಿನ ಸಾಮಾನು ಅಂಗಡಿಯಲ್ಲೇ ಸಿಗತೊಡಗಿದಮೇಲೆ ಕುಲುಮೆ ಆರಿಸಿ ನನ್ನ ಜೊತೆ ಬಂದ. ತಂತಿ ಬೆಸೆಯುವ ಹೊಗೆಯ ವಾಸನೆ ಮೂಗಿಗೆ ಬಿದ್ದರೆ ಈಗಲೂ ಅವನ ಮುಖ ಅರಳುತ್ತದೆ.

ಮೊದಲು ದಪ್ಪ ಸದ್ದು ಹಾಕಿದೆ. ನೆಲ ಗುಂಯ್ ಅಂದಿತು. ಅಪ್ಪ ಎದ್ದು ಬಂದು ಎರಡು ಪೆಟ್ಟಿಗೆಗಳ ಮೇಲೆ ಒಂದೊಂದು ಅಂಗೈ ಇಟ್ಟು ನಿಂತ, ದನದ ಮೈ ಮುಟ್ಟಿ ಜ್ವರ ನೋಡುವವರ ಹಾಗೆ.

"ಬಲಗಡೇದು ಉಬ್ಬದೆ ಕಣ್ಲಾ" ಅಂದ.

ಮೀಟರು ಹಿಡಿದು ನೋಡಿದರೆ ನಿಜ. ಬಲಗಡೆಯ ಡಬ್ಬಿಯ ಸ್ವಿಚ್ಚನ್ನು ಯಾರೋ ಆಂಪಿನ ತಡೆಗಿಂತ ಕಡಿಮೆ ತಡೆಗೆ ಇಟ್ಟಿದ್ದರು. ಇಳಿಯಬೇಕಾದಷ್ಟು ದಪ್ಪ ಅಲ್ಲಿ ಇಳಿದಿರಲಿಲ್ಲ. ಹೊಟ್ಟೆಯ ಆಂಪು ಮಾತ್ರ ಪಾಪ, ಇಳಿದಿದೆ ಎಂದುಕೊಂಡು ಎತ್ತಿ ಕೊಡುತ್ತಿತ್ತು. ಸ್ವಿಚ್ಚು ಸರಿಮಾಡಿ ಮತ್ತೆ ಹಾಕಿದೆ. ಅಪ್ಪ ಅಂಗೈ ಒತ್ತಿ ನೋಡಿ, "ಊಂ. ಈಗ ಜೋಡೆತ್ತು" ಅಂದ. ಎಪ್ಪತ್ತು ದಾಟಿದ ಮೇಲೂ ಎಂಥ ಕಿವಿ ಇವನದು ಎಂದು ನಾನು ಬೀಗಿದೆ.

ಕೆಲಸ ಮುಗಿದಮೇಲೆ ಕೊನೆಗೊಂದು ಪರೀಕ್ಷೆ ಮಾಡುವುದು ನನ್ನ ರೂಢಿ. ಒಂದೇ ಸದ್ದನ್ನು ತೀರ ಕೆಳಗಿನಿಂದ ತೀರ ಮೇಲಿನವರೆಗೆ ಮೆಲ್ಲಗೆ ಏರಿಸುತ್ತಾ ಹೋಗುವುದು. ಎಲ್ಲಾದರೂ ಎಡವಿದರೆ ತಿಳಿಯುತ್ತದೆ. ಗುಂ ಎಂದು ಶುರುವಾಯಿತು. ಊ ಎಂದಿತು. ಅಪ್ಪ ತಲೆಯಾಡಿಸುತ್ತಿದ್ದ. ಸದ್ದು ಸಣ್ಣಗಾಗುತ್ತಾ ಸೀಟಿಯ ಹಾಗಾಯಿತು, ಆಮೇಲೆ ಕಿವಿಗೆ ಸೂಜಿ ಚುಚ್ಚುವ ಹಾಗಾಯಿತು. ಅಡಿಗೆಮನೆಯಿಂದ ಅವ್ವ ಕೂಗಿದಳು: "ಲೋ, ನಿಲ್ಸಪ್ಪ ಅದ್ನ! ಕಿವಿ ಕಿತ್ತೋಯ್ತದೆ!" ಎರಡೂ ಕಿವಿಗೆ ಬೆರಳಿಟ್ಟುಕೊಂಡು ಬಾಗಿಲಿಗೆ ಬಂದು ನಿಂತಳು.

ಅದೇ ಹೊತ್ತಿಗೆ ಅಪ್ಪ ಪೆಟ್ಟಿಗೆಯಿಂದ ಕೈ ತೆಗೆದು ನನ್ನ ಕಡೆ ತಿರುಗಿ ಕೇಳಿದ.

"ಯಾಕ್ಲಾ ನಿಲ್ಸುಬುಟ್ಟೆ?"

ಸದ್ದು ಕಿರುಚುತ್ತಲೇ ಇತ್ತು. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಆದರೆ ಅವನ ಮುಖದಲ್ಲಿ ತಮಾಷೆ ಇರಲಿಲ್ಲ; ಚೆನ್ನಾಗಿ ನಡೆಯುತ್ತಿದ್ದ ಕೆಲಸವನ್ನು ಮಗ ಯಾಕೆ ನಿಲ್ಲಿಸಿದ ಎಂಬ ಪ್ರಶ್ನೆ ಮಾತ್ರ ಇತ್ತು. ಅವ್ವ ಕಿವಿಯಿಂದ ಬೆರಳು ತೆಗೆದು, "ಏನಂದ್ರು?" ಅಂದಳು. ನಾನು ಸದ್ದನ್ನು ಮತ್ತೆ ಕೆಳಗಿಳಿಸಿ, "ಅಪ್ಪ, ಕೇಳುಸ್ತಾ ಇರೋವರ್ಗೂ ಕೈ ಎತ್ಕೊಂಡಿರು" ಅಂದೆ. ಕೈ ಎತ್ತಿದ. ಮೆಲ್ಲಗೆ ಏರಿಸಿದೆ. ಸೀಟಿಯಷ್ಟು ಸಣ್ಣಗಾಗುವ ಮೊದಲೇ ಕೈ ಕೆಳಗಿಳಿಯಿತು. ಮೂರು ಸಲ ಮಾಡಿದೆ. ಮೂರು ಸಲವೂ ಅದೇ ಜಾಗದಲ್ಲಿ ಇಳಿಯಿತು. ಅವ್ವ ಬಾಗಿಲಲ್ಲೇ ನಿಂತು ಆ ಕೈಯನ್ನು ನೋಡುತ್ತಿದ್ದಳು.

ಐವತ್ತು ವರ್ಷ ಸಮ್ಮಟಿಯ ಪೆಟ್ಟು ಕೇಳಿದ ಕಿವಿ ಅದು. ಮೇಲಿನ ಸಣ್ಣ ದನಿಗಳನ್ನೆಲ್ಲ ಕಬ್ಬಿಣ ತಿಂದುಹಾಕಿತ್ತು, ಕೆಳಗಿನ ದಪ್ಪ ಮಾತ್ರ ಉಳಿದಿತ್ತು. ನನ್ನ ಜರಡಿ ಮಾಡುವ ಕೆಲಸಕ್ಕೆ ಸರಿಯಾಗಿ ತಿರುಗುಮುರುಗು. ಇಂಥ ಕಿವಿಗೆ ಗಂಡಸಿನ ಮಾತು ತಿಳಿಯುತ್ತದೆ, ದಪ್ಪ ಗಂಟಲಿನ ಟೀಚರ ಮಾತು ತಿಳಿಯುತ್ತದೆ. ಸಣ್ಣ ಗಂಟಲಿನ ಮಾತು ಹತ್ತಿರದಲ್ಲೇ ಗುಜುಗುಜು ಅನ್ನುತ್ತದೆ, ಹಿಂದಿನಿಂದ ಆಡಿದರೆ ಇಲ್ಲವೇ ಇಲ್ಲ. ಸಕಾರ, ಚಕಾರ ಮೊದಲು ಹೋಗುತ್ತವೆ. ಹಕಾರ ಹೋದರೆ ನಮ್ಮ ಸೀಮೆಯಲ್ಲಿ ಯಾರಿಗೂ ಗೊತ್ತಾಗುವುದೂ ಇಲ್ಲ, ಅದನ್ನು ನಾವೇ ಅರ್ಧಕ್ಕರ್ಧ ಬಿಟ್ಟು ಎಷ್ಟೋ ತಲೆಮಾರಾಯಿತು.

ಮಾತು ಕೇಳುವುದಿಲ್ಲ ಎಂದು ಅವ್ವ ಒಂದು ವರ್ಷದಿಂದ ನನಗೆ ಹೇಳುತ್ತಲೇ ಇದ್ದಳು. ಮಾತು ಕೇಳುವುದಿಲ್ಲ ಎಂದರೆ ನಮ್ಮ ಭಾಷೆಯಲ್ಲಿ ಬೆಲೆ ಕೊಡುವುದಿಲ್ಲ ಎಂದೇ ಮೊದಲು ಅರ್ಥ. ಅವಳು ಹಾಗೆಂದುಕೊಂಡೇ ಹೇಳಿದಳು, ನಾನೂ ಹಾಗೆಂದುಕೊಂಡೇ ತಲೆಯಾಡಿಸಿದೆ. ಊರವರ ಸ್ಪೀಕರುಗಳಿಗೆ ಕಿವಿಗೊಡುವ ನನಗೆ ಆ ಮಾತಿನ ಇನ್ನೊಂದು ಅರ್ಥ ಒಂದು ದಿನವೂ ಹೊಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲು. ನನಗೆ ನಾಚಿಕೆಯಾಯಿತು. ಒಂದು ಸಲವಾದರೂ ಅಪ್ಪನನ್ನು ಯಾಕೆ ಹೋಗಲಿಲ್ಲ ಎಂದು ಕೇಳಬಹುದಾಗಿತ್ತು. ಮನಸ್ಸಿನಲ್ಲೇ ತೀರ್ಪು ಕೊಟ್ಟು ಕೂತಿದ್ದೆ.

"ಅಪ್ಪ, ನಿಂಗೆ ಕಿವಿ ಸರ್ಯಾಗ್ ಕೇಳುಸ್ತಾ ಇಲ್ಲ" ಅಂದೆ.

ಅವನಿಗೆ ಕೋಪ ಬಂತು. "ನನ್ಗೇನಾಗದೆ? ನೀನಂದುದ್ದು ಕೇಳುಸ್ಲಿಲ್ವಾ? ಈ ಹೆಂಗಸ್ರೇ ಈಚೀಚೆಗೆ ಬಾಯೊಳ್ಗೇ ಮಾತಾಡ್ತಾರೆ." ಆಮೇಲೆ ಸ್ವಲ್ಪ ತಗ್ಗಿ, ಅವ್ವ ಬಾಗಿಲಲ್ಲಿರುವುದನ್ನು ನೋಡದೆ ಅಂದ: "ನಿಮ್ಮವ್ವ ಅಂತೂ ಮಾತೇ ಬುಟ್ಬುಟ್ಟಳು. ನಾನೇನ್ ತಪ್ ಮಾಡುದ್ನೋ ದೇವ್ರೇ ಬಲ್ಲ."

ಅವ್ವ ಒಳಗೆ ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. "ಅಂಗಾದ್ರೆ ಅವತ್ತು ನಾನ್ ಕೇಳುದ್ದು ಅವ್ರಿಗೆ ಕೇಳುಸ್ಲೇ ಇಲ್ವೇನ್ಲಾ?" ಎಂದು ನನ್ನನ್ನು ಕೇಳಿದಳು. ನನಗೆ ಹೇಗೆ ಗೊತ್ತು? ಆದರೆ ತಿಳಿಯುವ ದಾರಿ ನನ್ನ ಮೇಜಿನ ಮೇಲೇ ಇತ್ತು. ಪೆಟ್ಟಿಗೆಗಳ ಹೊಟ್ಟೆಯ ಬೇಸನ್ನು ಪೂರ್ತಿ ಇಳಿಸಿದೆ. ಡಬ್ಬಿಗಳು ಇದ್ದ ಹಾಗೇ ಇರಲಿ ಎಂದು ಬಿಟ್ಟು, ಅವುಗಳ ಮುಂದೆ ಮೈಕಿನ ದನಿ ಹದ ಮಾಡುವ ನನ್ನ ಮಿಕ್ಸರು ಸಿಕ್ಕಿಸಿ, ಅಲ್ಲೂ ದಪ್ಪವನ್ನು ತಡೆದು ಸಣ್ಣದನ್ನು ಎಷ್ಟು ಎತ್ತಬಹುದೋ ಅಷ್ಟು ಎತ್ತಿದೆ. ಯಾವ ಗಿರಾಕಿಯೂ ಒಪ್ಪದ ಸದ್ದು ಅದು, ತಗಡು ಕೆರೆದ ಹಾಗೆ. ಮೈಕನ್ನು ಅವ್ವನ ಕೈಗೆ ಕೊಟ್ಟೆ.

"ನಾನೇನ್ ಎಲೆಕ್ಷನ್ಗೆ ನಿಂತಿವ್ನಾ?" ಅಂದಳು. ಆದರೂ ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು.

ನಮ್ಮ ಕಡೆಯ ಹಳೇ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಅವ್ವ ಮದುವೆಯಾದಾಗಿನಿಂದ ಅಪ್ಪನನ್ನು ಕರೆಯುತ್ತಿದ್ದುದು "ಕೇಳುದ್ರಾ" ಎಂದು. ಮಾತು ಬಿಟ್ಟಮೇಲೆ ಅದನ್ನೂ ಬಿಟ್ಟಿದ್ದಳು. ಈಗ ಮೈಕನ್ನು ಬಾಯಿಗೆ ತಂದು ಮೆಲ್ಲಗೆ ಅಂದಳು.

"ಕೇಳುದ್ರಾ."

ಅಪ್ಪ ಥಟ್ಟನೆ ಸ್ಪೀಕರಿನ ಕಡೆ ತಿರುಗಿ, "ಏನೇ?" ಅಂದ. ಪೆಟ್ಟಿಗೆಗೇ ಅಂದ. ನನಗೆ ನಗು ಬಂತು, ಅವ್ವ ನಗಲಿಲ್ಲ. ಮೈಕಿಗೇ ಮತ್ತೆ ಅಂದಳು.

"ನಮ್ಮಣ್ಣ ಹಾಸ್ಗೆ ಹಿಡ್ದವ್ನೆ. ನೋಡ್ಕಂಡ್ ಬರಾನ, ನೀವೂ ಬನ್ನಿ."

ಅಪ್ಪ ಪೆಟ್ಟಿಗೆಯಿಂದ ಮೆಲ್ಲಗೆ ತಿರುಗಿ ಅವ್ವನನ್ನು ನೋಡಿದ. ಸತ್ತು ವರ್ಷವಾದ ಭಾವಮೈದನನ್ನು ನೋಡಲು ಕರೆಯುತ್ತಿದ್ದಾಳಲ್ಲ, ಇವಳಿಗೇನಾದರೂ ಆಯಿತೇ ಎಂದು ಮೊದಲು ಗಾಬರಿಯಾದ ಹಾಗಿತ್ತು.

"ಇದ್ನ ಯಾವಾಗಂದೆ ನೀನು?"

"ಅವತ್ತು. ನೀವ್ ಉಣ್ತಾ ಕುಂತಿದ್ರಿ, ನಾನ್ ಸಾರ್ ಬುಡ್ತಾ ಅಂದೆ. ಮಾರ್ನೇ ದಿನ ಇನ್ನೊಂದ್ ಸಲ ಅಂದೆ. ನೀವ್ ತಲೇನೂ ಎತ್ಲಿಲ್ಲ."

ಅಪ್ಪ ಕುರ್ಚಿಯ ಮೇಲೆ ಕೂತ. ಎರಡೂ ಅಂಗೈ ಮೊಣಕಾಲ ಮೇಲೆ ಇಟ್ಟುಕೊಂಡ. 

"ನಿಮ್ಮಣ್ಣಂಗೆ ಉಸಾರಿಲ್ಲ ಅಂತ ಸೊಸೆ ಅಂದಿದ್ಲು. ನೀನು ಕರೀತೀಯ ಅಂತ ನಾಕ್ ದಿನ ಒಗ್ದಿದ್ ಪಂಚೆ ಉಟ್ಕಂಡು ಜಗ್ಲೀಲ್ ಕುಂತಿದ್ದೆ ಕಣೆ. ನೀನು ಕರೀಲಿಲ್ಲ. ನಾನ್ ಬರಾದು ನಿಂಗೂ ಬ್ಯಾಡ, ನಿಮ್ಮಣ್ಣಂಗೂ ಬ್ಯಾಡ ಅಂದ್ಕಂಡೆ."

ಅವ್ವನಿಗೆ ಆ ಪಂಚೆ ನೆನಪಿತ್ತು. ಮುಖ ನೋಡಿದರೇ ತಿಳಿಯುತ್ತಿತ್ತು. ಒಗೆದವಳು ಅವಳೇ. ಅವಳು ಹೊಸ್ತಿಲ ಮೇಲೆ ಕೂತು ಅಳತೊಡಗಿದಳು. ಮೈಕು ಮಡಿಲಲ್ಲೇ ಉಳಿದಿತ್ತು. ಆ ಸಣ್ಣ ಅಳು, ಬಿಕ್ಕು, ಮೂಗು ಎಳೆದದ್ದು ಎಲ್ಲ ಎರಡೂ ಪೆಟ್ಟಿಗೆಗಳಿಂದ ಕೋಣೆಯ ತುಂಬ ಬಂತು. ರಸ್ತೆಯಲ್ಲಿ ಹೋಗುವವರಿಗೆ ಕೇಳಿಸೀತು ಎಂದು ನಾನು ಎದ್ದು ಸ್ವಿಚ್ಚಿಗೆ ಕೈ ಹಾಕಿದೆ. ಅಪ್ಪ ನನ್ನ ಮುಂಗೈ ಹಿಡಿದ.

"ಬ್ಯಾಡ ಕಣ್ಲಾ, ಇರ್ಲಿ ಬುಡು. ಕೇಳುಸ್ಕತೀನಿ."